ಟ್ರ್ಯಾಕ್‌ಗೂ ಶಿರಾಡಿಗೂ ಒಂದೇ ಟಯರ್: 4ಎಸ್, ನಿಯೋವಾ, ಕಪ್ 2 ಹೋಲಿಕೆ

ಮಂಗಳೂರು, ಉಡುಪಿ ಕಡೆಯಿಂದ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸುವ ದಿನಕ್ಕೆ, ಹೋಗುವವರ ಟಯರ್ ಲೆಕ್ಕವೇ ಬೇರೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಕೋಝಿಕ್ಕೋಡ್, ಪಾಲಕ್ಕಾಡ್ ದಾರಿಯಲ್ಲಿ ಹೋದರೂ 400 ಕಿ.ಮೀ. ದಾಟುತ್ತದೆ. ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈ ಸರ್ಕ್ಯೂಟ್‌ಗೆ ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟಿ ಇನ್ನೂ ಮುಂದೆ ಹೋಗಬೇಕು. ಕಾರನ್ನು ಟ್ರೇಲರ್ ಮೇಲೆ ಸಾಗಿಸುವ ಅನುಕೂಲ ಇಲ್ಲದವರು ಯಾವ ಟಯರ್ ಮೇಲೆ ಲ್ಯಾಪ್ ಹೊಡೆಯುತ್ತಾರೋ ಅದೇ ಟಯರ್ ಮೇಲೆ ಊರಿಗೆ ಮರಳಬೇಕು. ಲ್ಯಾಪ್ ಟೈಮಿನ ಮಾತು ಆಮೇಲೆ. ಬರುವಾಗ ಮಳೆ ಹಿಡಿದರೆ ಏನು ಗತಿ ಎನ್ನುವುದು ಮೊದಲು.

ಮಳೆಗಾಲದ ಲೆಕ್ಕವನ್ನೂ ಇಟ್ಟುಕೊಳ್ಳಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಅಲ್ಲಿ ತಮಿಳುನಾಡಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಎರಡೂ ತುದಿ ಒಣಗಿರುತ್ತವೆ ಎಂದು ನಂಬಬಹುದಾದ ಕಾಲ ಜನವರಿಯಿಂದ ಮಾರ್ಚ್, ಅಷ್ಟೇ.

ಇಲ್ಲಿ ಹೋಲಿಸಿರುವುದು ಮೂರು ಟಯರ್: ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಯೊಕೊಹಾಮಾ ಅಡ್ವಾನ್ ನಿಯೋವಾ ಎಡಿ09, ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2. ಮೂರೂ ರಸ್ತೆಗೆ ಒಪ್ಪಿಗೆ ಇರುವಂಥವು. ಕೆಳಗಿನ ಅಂಕಿಗಳು ಸುಮಾರು 1400 ಕೆ.ಜಿ. ತೂಗುವ, ಹಿಂಚಕ್ರಕ್ಕೆ ಶಕ್ತಿ ಹೋಗುವ ಕಾರಿನವು. ಕಾರು ಇನ್ನೂರು ಕೆ.ಜಿ. ಹೆಚ್ಚಿದ್ದರೆ ಪ್ರೆಶರ್ ಒಂದೆರಡು ಪಿಎಸ್‌ಐ ಮೇಲೆ ಹೋಗುತ್ತದೆ.

ಟ್ರೆಡ್‌ವೇರ್ ಸಂಖ್ಯೆ (ಹೆಚ್ಚಿದ್ದಷ್ಟೂ ಟಯರ್ ನಿಧಾನ ಸವೆಯುತ್ತದೆ ಎನ್ನುವ ಅಂಕಿ) ನೋಡಿ ಮರುಳಾಗಬೇಡಿ. 4ಎಸ್ 300, ನಿಯೋವಾ 200, ಕಪ್ 2 180 ಎಂದಿರುತ್ತದೆ ನಿಜ. ಆದರೆ ಆ ಅಂಕಿಯನ್ನು ಕೊಡುವುದು ತಯಾರಕರೇ; ಒಂದು ಕಂಪನಿಯ 200 ಇನ್ನೊಂದರ 200ಕ್ಕೆ ಸಮ ಅಲ್ಲ. ಅಮೆರಿಕದ ಹವ್ಯಾಸಿ ರೇಸ್‌ಗಳಲ್ಲಿ ಹಲವು ವರ್ಗಗಳಿಗೆ 200ಕ್ಕಿಂತ ಕಡಿಮೆಯ ಟಯರ್ ನಡೆಯುವುದಿಲ್ಲ. ಅದಕ್ಕೇ ಅಷ್ಟೊಂದು ಟಯರ್‌ಗಳು ಸರಿಯಾಗಿ 200ಕ್ಕೇ ಬಂದು ನಿಂತಿವೆ.

ಮೊದಲು 4ಎಸ್. ಆಟಿ ತಿಂಗಳ ಮಳೆಯಲ್ಲಿ ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್ ಸುತ್ತ ನೀರು ನಿಂತಾಗ ಮೂರರಲ್ಲಿ ಧೈರ್ಯ ಕೊಡುವುದು ಇದೊಂದೇ. ಟ್ರೆಡ್‌ನ ಉದ್ದುದ್ದ ಅಗಲ ತೋಡುಗಳು ನೀರನ್ನು ಹಿಂದಕ್ಕೆ ದೂಡುತ್ತವೆ, ಹೊಸತಿನಲ್ಲಿ ಟ್ರೆಡ್ ಆಳ ಸುಮಾರು ಏಳೂವರೆ ಮಿ.ಮೀ. ಟ್ರ್ಯಾಕ್‌ನಲ್ಲಿ ಆ ಆಳವೇ ಶತ್ರು. ತೋಡುಗಳ ನಡುವಿನ ಎತ್ತರದ ರಬ್ಬರ್ ಬ್ಲಾಕ್‌ಗಳು ತಿರುವಿನಲ್ಲಿ ಬಾಗುತ್ತವೆ, ಬಾಗಿದಷ್ಟೂ ಕಾಯುತ್ತವೆ. ಎರಡು ಮೂರು ಲ್ಯಾಪ್ ಹಿಡಿತ ಚೆನ್ನಾಗಿರುತ್ತದೆ. ನಂತರ ಸ್ಟೀರಿಂಗ್ ಹಗುರಾಗುತ್ತದೆ, ಮುಂಭಾಗ ಹೊರಕ್ಕೆ ಜಾರುತ್ತದೆ, ಟಯರ್ ಎಣ್ಣೆ ಸವರಿದ ಹಾಗಾಗುತ್ತದೆ. ರಬ್ಬರ್‌ಗೆ ಚುಚ್ಚಿ ನೋಡುವ ನಮ್ಮ ಸೂಜಿ ಥರ್ಮಾಮೀಟರ್‌ನಲ್ಲಿ 95 ಡಿಗ್ರಿ ದಾಟಿದ ಮೇಲೆ ಇದು ಶುರು. ಆಗ ಒಂದು ಲ್ಯಾಪ್ ಮೆಲ್ಲಗೆ ಹೋಗಿ ತಣಿಸಿದರೆ ಮತ್ತೆ ಬರುತ್ತದೆ. ಹಠ ಹಿಡಿದು ಒತ್ತಿದರೆ ಹೊರ ಭುಜದ (ಟ್ರೆಡ್ ಪಕ್ಕದ ಗೋಡೆಗೆ ಸೇರುವ ಭಾಗದ) ಬ್ಲಾಕ್‌ಗಳ ಅಂಚು ಚೂರು ಚೂರಾಗಿ ಕಿತ್ತು ಬರುತ್ತದೆ.

ಇದರಲ್ಲೇ ಕರಾವಳಿಯವರಿಗೆ ಒಂದು ಲಾಭ ಇದೆ. ನಾಲ್ಕೈದು ಮಿ.ಮೀ.ಗೆ ಸವೆದ 4ಎಸ್ ಟ್ರ್ಯಾಕ್‌ನಲ್ಲಿ ಹೊಸದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಬಾಗಲು ರಬ್ಬರ್ ಕಡಿಮೆ ಇರುತ್ತದಲ್ಲ. ಮೇ ಕೊನೆಗೆ ಹೊಸ ಸೆಟ್ ಹಾಕಿ, ಪೂರ್ತಿ ಟ್ರೆಡ್ ಇರುವಾಗ ಮಳೆಗಾಲ ಕಳೆಯಿರಿ. ದಿನವೂ ಓಡುವ ಕಾರಾದರೆ ಜನವರಿ ಹೊತ್ತಿಗೆ ಟಯರ್ ಟ್ರ್ಯಾಕ್‌ಗೆ ಹದವಾಗಿರುತ್ತದೆ. ಮಾರ್ಚ್ ಒಳಗೆ ಮುಗಿಸಿ, ಮುಂದಿನ ಮೇಗೆ ಬದಲಿಸಿ. ಡಿಸೆಂಬರ್‌ನಲ್ಲಿ ಹೊಸ ಸೆಟ್ ಹಾಕಿ ನೇರ ಟ್ರ್ಯಾಕ್‌ಗೆ ಹೋಗುವುದು ದುಡ್ಡು ಸುಡುವ ಕೆಲಸ.

ನಿಯೋವಾ ಎಡಿ09ರ ಗುಣ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಭುಜ ಗಟ್ಟಿ, ಬ್ಲಾಕ್ ದೊಡ್ಡದು, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ಒಳಕ್ಕೆ ಬರುತ್ತದೆ. ಕರಿ ಟ್ರ್ಯಾಕ್ ಚಿಕ್ಕದು, ಸುಮಾರು 2.1 ಕಿ.ಮೀ.; ನೇರ ದಾರಿ ಮುಗಿಯುವುದರೊಳಗೆ ಮತ್ತೆ ಬ್ರೇಕ್, ಮತ್ತೆ ತಿರುವು. ಟಯರ್‌ಗೆ ಉಸಿರಾಡಲು ಬಿಡುವಿಲ್ಲ. 4ಎಸ್ ಸೋಲುವುದು ಅಲ್ಲಿಯೇ, ನಿಯೋವಾ 15 ನಿಮಿಷದ ಸೆಷನ್ ಪೂರ್ತಿ ಒಂದೇ ಹದದಲ್ಲಿ ಉಳಿಯುವುದೂ ಅಲ್ಲಿಯೇ. ಇರುಂಗಾಟ್ಟುಕೋಟ್ಟೈ 3.7 ಕಿ.ಮೀ., ನೇರ ಓಟದಲ್ಲಿ ಮೇಲ್ಮೈ ತುಸು ತಣಿಯುತ್ತದೆ, ಹಾಗಾಗಿ ಅಲ್ಲಿ ಎರಡರ ಅಂತರ ಇಷ್ಟಿಲ್ಲ.

ರಸ್ತೆಯಲ್ಲಿ ನಿಯೋವಾ ಸದ್ದು ಮಾಡುತ್ತದೆ. ಶಿರಾಡಿಯ ಕಾಂಕ್ರೀಟ್ ಮೇಲೆ ಒಂದೇ ಸಮನೆ ಗುಂಯ್‌ಗುಡುತ್ತದೆ, ಪಕ್ಕದವರ ಜೊತೆ ಮಾತಾಡಲು ದನಿ ಏರಿಸಬೇಕು. ಬಿಸಿ ಟಯರ್ ಕೆಂಪು ಮುರಕಲ್ಲಿನ ಹರಳನ್ನು ಅಂಟಿಸಿಕೊಂಡು ಚಕ್ರದ ಗೂಡಿಗೆ ಚಿಮ್ಮಿಸುತ್ತದೆ. ಬಣ್ಣ ಉಳಿಸಿಕೊಳ್ಳಬೇಕಿದ್ದರೆ ಗೂಡಿನ ಅಂಚಿಗೆ ಫಿಲ್ಮ್ ಹಾಕಿಸಿ. ಮಳೆಯಲ್ಲಿ, ಟ್ರೆಡ್ ಇರುವವರೆಗೆ ಪರವಾಗಿಲ್ಲ. ನಾಲ್ಕು ಮಿ.ಮೀ.ಗಿಂತ ಕೆಳಗಿಳಿದ ಮೇಲೆ ನಿಂತ ನೀರಿನಲ್ಲಿ ಗಂಟೆಗೆ 80ರ ಸುಮಾರಿಗೇ ತೇಲುವ ಲಕ್ಷಣ ಕೈಗೆ ತಿಳಿಯುತ್ತದೆ. ಕಾನೂನಿನ ಮಿತಿ 1.6 ಮಿ.ಮೀ. ಇರಬಹುದು, ನಮ್ಮ ಹೆದ್ದಾರಿ 66ರ ಮಳೆಗೆ ಆ ಮಿತಿ ಸಾಲದು ಮಾರಾಯ್ರೆ.

ಕಪ್ 2 ಒಣ ಟ್ರ್ಯಾಕ್‌ನಲ್ಲಿ ಇವೆರಡಕ್ಕಿಂತ ವೇಗ, ಅದರಲ್ಲಿ ಚರ್ಚೆ ಇಲ್ಲ. ಹೊರ ಅರ್ಧಕ್ಕೆ ಒಂದು ರಬ್ಬರ್, ಒಳ ಅರ್ಧಕ್ಕೆ ಇನ್ನೊಂದು. ಹೊರ ಭುಜ ಬಹುತೇಕ ನುಣ್ಣಗೆ. ಹೊಸತಿನಲ್ಲೇ ಟ್ರೆಡ್ ಐದೂವರೆ ಮಿ.ಮೀ. ಆಸುಪಾಸು. ಬ್ರೇಕ್ ಹಿಡಿಯುವ ಗುರುತನ್ನು ಮುಂದಕ್ಕೆ ಒಯ್ಯಬಹುದು, ಸೆಷನ್ ಕೊನೆಯವರೆಗೂ ನಂಬಬಹುದು. ಆದರೆ ಫ್ಯಾಕ್ಟರಿ ಕ್ಯಾಂಬರ್‌ನಲ್ಲಿ ಇದನ್ನು ಹಾಕುವುದು ವ್ಯರ್ಥ. ಕ್ಯಾಂಬರ್ ಅಂದರೆ ಚಕ್ರ ವಾಲಿರುವ ಕೋನ; ಮೈನಸ್ ಅಂದರೆ ಮೇಲ್ತುದಿ ಒಳಕ್ಕೆ. ಮುಂದೆ ಮೈನಸ್ 1 ಡಿಗ್ರಿ ಇರುವ ಕಾರಿನಲ್ಲಿ ಹೊರ ಭುಜವೇ ಎಲ್ಲ ಭಾರ ಹೊತ್ತು ಬೇಗ ಬೋಳಾಗುತ್ತದೆ, ಒಳಗಡೆ ರಬ್ಬರ್ ಹಾಗೆಯೇ ಉಳಿದಿರುತ್ತದೆ. ಒಳಮುಖ, ಹೊರಮುಖ ಬೇರೆ ಇರುವ ಟಯರ್ ಆದ್ದರಿಂದ ರಿಮ್‌ನಲ್ಲಿ ತಿರುಗಿಸಿ ಹಾಕುವಂತೆಯೂ ಇಲ್ಲ. ಮೈನಸ್ 2.5ರಿಂದ 3 ಬೇಕು. ಅಂದರೆ ಆ ಕೋನ ಬದಲಿಸುವ ಕ್ಯಾಂಬರ್ ಪ್ಲೇಟ್ ಖರ್ಚೂ ಸೇರಿಸಿ ಲೆಕ್ಕ ಹಾಕಿ. ಒದ್ದೆಯಾದ ಸಕಲೇಶಪುರದ ಇಳಿಜಾರಿನಲ್ಲಿ, ಬೆಳಗಿನ ಮಂಜಿನಲ್ಲಿ, ಟಯರ್ ತಣ್ಣಗಿರುವಾಗ ಕಪ್ 2 ಮೇಲೆ ಇಳಿಯುವುದನ್ನು ನಾವು ಯಾರಿಗೂ ಹೇಳುವುದಿಲ್ಲ.

ಮೂರರಲ್ಲಿ ಯಾವುದನ್ನೇ ಕೊಂಡರೂ ಪ್ರೆಶರ್ ತಪ್ಪಿದರೆ ಹೋಲಿಕೆಗೆ ಅರ್ಥವಿಲ್ಲ. ನೋಡಬೇಕಾದ್ದು ಬಿಸಿ ಪ್ರೆಶರ್. ನಮಗೆ ಹೊಂದಿದ್ದು: 4ಎಸ್ 35–36, ನಿಯೋವಾ 33–34, ಕಪ್ 2 31–32 ಪಿಎಸ್‌ಐ. ಟಯರ್ ಕಾದಾಗ 6ರಿಂದ 8 ಏರುತ್ತದೆ, ಆದ್ದರಿಂದ ಬೆಳಿಗ್ಗೆ ಅಷ್ಟು ಕಡಿಮೆ ಇಟ್ಟು ಹೊರಡಿ. ಪಿಟ್‌ಗೆ ಬಂದ ಕೂಡಲೇ ಅಳೆದು, ಹೆಚ್ಚಾದದ್ದನ್ನು ಬಿಡಿ. ಭಾರ ಹೊರುವ ಬದಿಯ ಟಯರ್ ಒಂದೆರಡು ಪಿಎಸ್‌ಐ ಹೆಚ್ಚು ಏರುತ್ತದೆ, ನಾಲ್ಕಕ್ಕೂ ಒಂದೇ ತಣ್ಣನೆ ಅಂಕಿ ಇಡಬೇಡಿ. ಭುಜದ ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಮೂರು ಲ್ಯಾಪ್ ಹೋಗಿ ಬನ್ನಿ. ಪಕ್ಕದಲ್ಲಿರುವ ಪುಟ್ಟ ತ್ರಿಕೋನದ ಅಥವಾ ಮಿಶೆಲಿನ್ ಗೊಂಬೆಯ ಗುರುತು ದಾಟಿ ಸುಣ್ಣ ಅಳಿಸಿದ್ದರೆ ಗಾಳಿ ಕಡಿಮೆ ಅಥವಾ ಕ್ಯಾಂಬರ್ ಸಾಲದು. ಗುರುತಿಗಿಂತ ಬಹಳ ಮೇಲೆಯೇ ನಿಂತಿದ್ದರೆ ಗಾಳಿ ಜಾಸ್ತಿ. ಸೂಜಿಯಿಂದ ಒಳಗೆ, ನಡುವೆ, ಹೊರಗೆ ಮೂರು ಕಡೆ ಉಷ್ಣತೆ ನೋಡಿ. ನಡು ಉಳಿದೆರಡಕ್ಕಿಂತ ಹೆಚ್ಚಿದ್ದರೂ ಗಾಳಿ ಜಾಸ್ತಿ ಎಂದೇ.

ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಪೆಟ್ರೋಲ್ ಬಂಕ್ ಕಂಪ್ರೆಸರ್‌ನಿಂದ ತುಂಬಿದ ಗಾಳಿಯ ಜೊತೆ ನೀರೂ ಒಳಗೆ ಹೋಗುತ್ತದೆ, ಅದು ಆವಿಯಾದಾಗ ಪ್ರೆಶರ್ ಲೆಕ್ಕಕ್ಕಿಂತ ಹೆಚ್ಚು ಏರುತ್ತದೆ. ನೈಟ್ರೋಜನ್‌ನಲ್ಲಿ ಮಾಯಾಜಾಲ ಏನಿಲ್ಲ, ಅದು ಒಣ ಗಾಳಿ. ಅಷ್ಟಕ್ಕಾಗಿಯೇ ಅದನ್ನು ಹಾಕಿಸಿ. ಸಂಜೆ ಹೊರಡುವ ಮುಂಚೆ, ಟಯರ್ ತಣಿದ ಮೇಲೆ, ಕಾರಿನ ಬಾಗಿಲಿನ ಚೀಟಿಯಲ್ಲಿರುವ ಅಂಕಿಗೆ ಮತ್ತೆ ತುಂಬಿಸಿ. 26 ಪಿಎಸ್‌ಐ ಇಟ್ಟುಕೊಂಡು ಹೆದ್ದಾರಿ ಗುಂಡಿಗೆ ಬಿದ್ದರೆ ರಿಮ್ ಬಾಗುತ್ತದೆ.

ಹೊಸ ನಿಯೋವಾ, ಕಪ್ 2 ಎರಡಕ್ಕೂ ಮೊದಲ ದಿನ ಒಂದು ಸೆಷನ್ ಹದವಾಗಿ ಕಾಯಿಸಿ, ಒಂದು ದಿನ ಬಿಟ್ಟುಬಿಡಿ. ರಬ್ಬರ್ ಸಮನಾಗಿ ಗಟ್ಟಿಯಾಗಿ ಆಯುಸ್ಸು ಹೆಚ್ಚುತ್ತದೆ. ಉಪ್ಪು ಗಾಳಿಗೆ ಚಕ್ರ ಕೂರುವ ಹಬ್ ಮುಖದಲ್ಲಿ ತುಕ್ಕಿನ ಪದರ ಕೂತಿರುತ್ತದೆ. ತಂತಿ ಬ್ರಷ್‌ನಿಂದ ಕೆರೆದೇ ಚಕ್ರ ಕೂರಿಸಿ, ಬೋಲ್ಟ್ ಎಳೆಗೆ ಗ್ರೀಸ್ ಹಚ್ಚಬೇಡಿ, ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ. ಮೊದಲ ಸೆಷನ್ ಮುಗಿದು ತಣಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಆಯ್ಕೆ ಹೇಗೆ? ಒಂದೇ ಸೆಟ್ ಚಕ್ರ ಇದ್ದು, ವರ್ಷಕ್ಕೆ ಒಂದೆರಡು ಟ್ರ್ಯಾಕ್ ಡೇ ಆದರೆ 4ಎಸ್ ಸಾಕು. ಮೂರನೇ ಲ್ಯಾಪ್‌ಗೇ ಅದನ್ನು ಕುದಿಸುವಷ್ಟು ಕೈ ಪಳಗಿದ್ದರೆ ಇನ್ನೊಂದು ಸೆಟ್ ರಿಮ್ ಕೊಂಡು ನಿಯೋವಾ ಹಾಕಿ, ಜನವರಿಗೆ ಹೊರಗೆ ತೆಗೆದು ಏಪ್ರಿಲ್‌ಗೆ ಒಳಗಿಡಿ. ನಮ್ಮ ಮತ ನಿಯೋವಾಕ್ಕೇ. ಕಪ್ 2 ಟ್ರೇಲರ್ ಇದ್ದವರಿಗೆ, ಅಲೈನ್‌ಮೆಂಟ್ ಬದಲಿಸಲು ಸಿದ್ಧರಿದ್ದವರಿಗೆ. ತೆಗೆದಿಟ್ಟ ಸೆಟ್ಟನ್ನು ಕಪ್ಪು ಚೀಲದಲ್ಲಿ ಕಟ್ಟಿ ನೆರಳಲ್ಲಿಡಿ, ಬಾವಿ ಪಂಪಿನ ಮೋಟರ್ ಪಕ್ಕ ಬೇಡ; ಅದರ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರಿಸುತ್ತದೆ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಪಕ್ಕದ ಗೋಡೆ ಓದಿ. 2020ರ ಜೂನ್‌ನಲ್ಲಿ ಟಯರ್ ಆಮದಿಗೆ ನಿರ್ಬಂಧ ಬಂದ ಮೇಲೆ ಬೇಕಾದ ಅಳತೆ ಬೇಕಾದಾಗ ಸಿಗುವುದಿಲ್ಲ, ಹಳೆಯ ದಾಸ್ತಾನು ತೋರಿಸುವವರೂ ಇದ್ದಾರೆ. ಐಎಸ್‌ಐ ಗುರುತು ಇರಲಿ. ನಾಲ್ಕು ಅಂಕಿಯ ತಾರೀಕಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 1425 ಎಂದರೆ 2025ರ 14ನೇ ವಾರ. ಲೋಡ್ ಇಂಡೆಕ್ಸ್ (ಟಯರ್ ಹೊರಬಲ್ಲ ಭಾರದ ಅಂಕಿ) ಮತ್ತು ಗರಿಷ್ಠ ವೇಗದ ಅಕ್ಷರ ಮೂಲ ಟಯರ್‌ಗಿಂತ ಕಡಿಮೆ ಆಗಬಾರದು. ಡಬ್ಲ್ಯು ಅಂದರೆ ಗಂಟೆಗೆ 270, ವೈ ಅಂದರೆ 300 ಕಿ.ಮೀ. ನಾಲ್ಕೂ ಟಯರ್‌ನ ತಾರೀಕು ಒಂದೇ ಋತುವಿನದ್ದಾಗಿರಲಿ, ಒಂದು ಜೋಡಿ ಎರಡು ವರ್ಷ ಹಳತು ಎಂದಾದರೆ ಬೇಡ ಎನ್ನಿ.