ಹೆಬ್ಬೆಟ್ಟು ಒತ್ತುವ ಮುನ್ನ ಆ ಕಾಗದದಲ್ಲಿ ಏನಿದೆಯೆಂದು ಕೇಳಿ

ಓದು ಬರಹ ಬಾರದ ಹಿರಿಯರನ್ನು ಒಬ್ಬರನ್ನೇ ಆಸ್ಪತ್ರೆಗೆ ಕಳುಹಿಸುವವರು ದಯವಿಟ್ಟು ಇದನ್ನು ಓದಬೇಕು. ಸಕ್ಕರೆ ಕಾಯಿಲೆಗೆ ತೋರಿಸಿಕೊಳ್ಳಲು ಹೋಗಿದ್ದ ನಮ್ಮ ದೊಡ್ಡಪ್ಪನವರನ್ನು ಒಂದು ಆಸ್ಪತ್ರೆಯವರು ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರಿಸಿಕೊಂಡಿದ್ದರು. ಅದು ನಮಗೆ ಗೊತ್ತಾದದ್ದು, ಅವರು ಪದೇ ಪದೇ ತಲೆ ಸುತ್ತಿ ಬೀಳತೊಡಗಿದ ಮೇಲೆ ಮಾತ್ರೆಯ ಡಬ್ಬಿಯನ್ನು ತೆಗೆದು ನೋಡಿದಾಗ: ಔಷಧದ ಹೆಸರಿರಬೇಕಾದ ಕಡೆ ಬರೀ ಒಂದು ಸಂಖ್ಯೆಯಿತ್ತು.

“ಮಾತ್ರೆ ಪುಕ್ಕಟೆ ಕೊಡ್ತೀವಿ ಅಂದ್ರು, ಹೆಬ್ಬೆಟ್ಟು ಒತ್ತಿದೆ. ಡಾಕ್ಟರು ಕೇಳಿದಾಗ ಬೇಡ ಅನ್ನೋಕಾಗುತ್ತಾ?” ಎಂದರು ದೊಡ್ಡಪ್ಪ. ಆಸ್ಪತ್ರೆಯವರು ತೋರಿಸಿದ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೊನೆಯ ಪುಟದಲ್ಲಿ ಮಸಿ ಹರಡಿದ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಸಾಕ್ಷಿಯೆಂದು ಸಹಿ ಮಾಡಿದ್ದವರು ಅದೇ ಟ್ರಯಲ್‌ನ ಸಿಬ್ಬಂದಿ.

ಇದು ಬರೀ ಅಸಡ್ಡೆಯಲ್ಲ, ನಿಯಮದ ಉಲ್ಲಂಘನೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಬೇಕು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಆ ವಿವರಣೆ ನಡೆಯುವಷ್ಟು ಹೊತ್ತೂ ಜೊತೆಗಿದ್ದು ಸಹಿ ಮಾಡಬೇಕು. ಒಪ್ಪಿಗೆ ಪತ್ರದ ಪ್ರತಿಯನ್ನು ರೋಗಿಯ ಕೈಗೆ ಕೊಡಬೇಕು. ದೊಡ್ಡಪ್ಪನವರ ಬಳಿ ಒಂದು ಹಾಳೆಯೂ ಇರಲಿಲ್ಲ.

ಬಡವರ, ಅಧಿಕಾರಕ್ಕೆ ಅಂಜುವವರ ಒಪ್ಪಿಗೆಯನ್ನು ಹೀಗೆ ಹಗುರವಾಗಿ ಕಾಣುವುದು ಹೊಸದೇನಲ್ಲ. 2009–10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಗೆ ಕೊಡುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲ್‌ಗಳಲ್ಲಿದ್ದ ಅನೇಕ ಬುಡಕಟ್ಟು ಹೆಣ್ಣುಮಕ್ಕಳ ಪರವಾಗಿ ತಂದೆತಾಯಿಯ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಆಗ ಲಸಿಕೆ ಪಡೆದವರಲ್ಲಿ ವರದಿಯಾದ ಸಾವುಗಳಿಗೆ ಲಸಿಕೆಯೇ ಕಾರಣವೆಂದು ತನಿಖೆ ಹೇಳಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಖಂಡಿಸಿತು.

ನಾನು ಸಂಶೋಧನೆಯ ವಿರೋಧಿಯಲ್ಲ. ಯಾರೋ ಒಪ್ಪಿಕೊಂಡು ಪರೀಕ್ಷೆಗೆ ಒಳಗಾದದ್ದರಿಂದಲೇ ಇಂದಿನ ಔಷಧಗಳು ನಮಗೆ ಸಿಕ್ಕಿವೆ, ಆದರೆ ಅವರು ತಿಳಿದು ಒಪ್ಪಿರಬೇಕು. ನಿಮ್ಮ ಮನೆಯವರಿಗೆ ಆಸ್ಪತ್ರೆಯಲ್ಲಿ ಉಚಿತ ಮಾತ್ರೆ, ಉಚಿತ ರಕ್ತಪರೀಕ್ಷೆ ಎಂದು ಹೇಳಿ ಸಹಿ ಕೇಳಿದರೆ, ಇದು ಚಿಕಿತ್ಸೆಯೋ ಟ್ರಯಲ್ಲೋ ಎಂದು ನೇರವಾಗಿ ಕೇಳಿ, ಕನ್ನಡದ ಪ್ರತಿ ಪಡೆದು ಮನೆಗೆ ತಂದು ಓದಿದ ಮೇಲೆ ತೀರ್ಮಾನಿಸಿ. ಟ್ರಯಲ್ ನೋಂದಣಿಯಾಗಿದೆಯೇ ಎಂಬುದನ್ನು ದೇಶದ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿಯಾದ ಸಿಟಿಆರ್‌ಐ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿದ ಮೇಲೂ ಯಾವ ಹಂತದಲ್ಲಾದರೂ ಹೊರಬರುವ ಹಕ್ಕಿದೆ, ಅದರಿಂದ ಮುಂದಿನ ಚಿಕಿತ್ಸೆಗೆ ಅಡ್ಡಿಯಾಗಬಾರದು; ಮಾತ್ರೆಯನ್ನು ಮಾತ್ರ ವೈದ್ಯರಿಗೆ ತಿಳಿಸದೆ ಒಮ್ಮೆಲೇ ನಿಲ್ಲಿಸಬೇಡಿ. ದೊಡ್ಡಪ್ಪನವರು ಹೊರಬಂದಿದ್ದಾರೆ. ಟ್ರಯಲ್‌ಗಳಲ್ಲಿ ರೋಗಿಗಳ ಹಕ್ಕು, ಸುರಕ್ಷತೆಯನ್ನು ನೋಡಿಕೊಳ್ಳಬೇಕಾದ ಆಸ್ಪತ್ರೆಯ ಎಥಿಕ್ಸ್ ಕಮಿಟಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.