ಹದಿಹರೆಯದ ಮಕ್ಕಳೊಂದಿಗೆ ಅಲಾಸ್ಕ ಕ್ರೂಸ್: ಹಡಗಿಗಿಂತ ಮೊದಲು ಮಾರ್ಗವನ್ನು ನೋಡಿ

ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿದೇಶಿ ಕ್ರೂಸ್ ಹಡಗುಗಳನ್ನು ಕಂಡು ಬೆಳೆದ ನಮ್ಮೂರಿನ ಮಕ್ಕಳಿಗೆ ಅಂಥ ಹಡಗಿನ ಒಳಗೆ ಒಂದು ವಾರ ಕಳೆಯಬೇಕೆಂಬ ಆಸೆ ಇರುವುದು ಸಹಜ. ಆ ಆಸೆಗೆ ದುಡ್ಡು ಹಾಕುವ ಹೆತ್ತವರಿಗೆ ಈಗ ಸಿಂಗಾಪುರದ ಸುತ್ತಮುತ್ತಲಿನ ಕಿರುಪಯಣಗಳಷ್ಟೇ ಅಲ್ಲದೆ ಅಲಾಸ್ಕ, ನಾರ್ವೆ, ಅಂಟಾರ್ಕ್ಟಿಕದಂಥ ಚಳಿನಾಡಿನ ಪಯಣಗಳೂ ಆಯ್ಕೆಗೆ ಸಿಗುತ್ತವೆ. ಕೆನಡಾದ ವ್ಯಾಂಕೂವರಿನಿಂದ ಹೊರಟು ಅಲ್ಲಿಗೇ ಮರಳುವ ಏಳು ರಾತ್ರಿಗಳ ಅಲಾಸ್ಕ ಕ್ರೂಸ್ ಅನ್ನು ನಾವು ಮೇ ತಿಂಗಳಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಮತ್ತು ಎಂಟನೆಯ ತರಗತಿ ದಾಟಿದ ಮಗನೊಂದಿಗೆ ಮಾಡಿಬಂದೆವು. ಇದೇ ಮಾರ್ಗದಲ್ಲಿ ಹಲವು ಕಂಪನಿಗಳ ಹಡಗುಗಳು ಓಡುತ್ತವೆ. ಆದ್ದರಿಂದ ನಾವು ಹತ್ತಿದ ಹಡಗಿನ ಹೆಸರಿಗಿಂತ ಈ ಬಗೆಯ ಪಯಣವನ್ನು ಹೇಗೆ ಆರಿಸಬೇಕೆಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹದಿಹರೆಯದವರಿರುವ ಕುಟುಂಬಕ್ಕೆ ಏಜೆಂಟರು ಮೊದಲು ತೋರಿಸುವುದು ಹಡಗಿನ ಆಟಗಳನ್ನು. ನಾರ್ವೇಜಿಯನ್ ಬ್ಲಿಸ್ ಹಡಗಿನ ಮೇಲಿನ ಡೆಕ್ಕಿನಲ್ಲಿ ಗೋ-ಕಾರ್ಟ್ ಟ್ರ್ಯಾಕ್ ಇದೆ. ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ವರ್ಗದ ಹಡಗುಗಳಲ್ಲಿ ಕಡಲ ಮಟ್ಟದಿಂದ ಸುಮಾರು 300 ಅಡಿ ಎತ್ತರಕ್ಕೆ ಏರುವ ಗಾಜಿನ ಗೂಡು ಇದೆ. ಇವೆಲ್ಲ ಚೆನ್ನಾಗಿಯೇ ಇರುತ್ತವೆ, ಮಕ್ಕಳು ಖುಷಿಪಡುತ್ತಾರೆ. ಆದರೆ ಇಂಥ ಆಟ ಬೆಚ್ಚಗಿನ ಕಡಲಿನ ಹಡಗುಗಳಲ್ಲೂ ಸಿಗುತ್ತದೆ. ಅಲಾಸ್ಕದವರೆಗೆ ಹೋಗುವ ಖರ್ಚು ಸಾರ್ಥಕವಾಗುವುದು ಹಡಗು ಯಾವ ನೀರಿನಲ್ಲಿ, ಎಷ್ಟು ಹೊತ್ತು, ಎಷ್ಟು ನಿಧಾನವಾಗಿ ಸಾಗುತ್ತದೆ ಎಂಬುದರಿಂದ. ದಿನದಿನದ ಮಾರ್ಗಪಟ್ಟಿಯನ್ನು ಕೈಯಲ್ಲಿ ಹಿಡಿಯದೆ ಮುಂಗಡ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ಸಿಯಾಟಲ್‌ನಿಂದ ಹೊರಡುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಉತ್ತರಕ್ಕೆ ಸಾಗುತ್ತವೆ. ಅಲ್ಲಿ ಅಲೆ ಹೆಚ್ಚು, ನೋಡಲು ದಿಗಂತವಷ್ಟೇ. ವ್ಯಾಂಕೂವರಿನಿಂದ ಹೊರಡುವವು ಆ ದ್ವೀಪ ಮತ್ತು ಭೂಖಂಡದ ನಡುವಿನ ಇನ್‌ಸೈಡ್ ಪ್ಯಾಸೇಜ್ ಎಂಬ ಒಳದಾರಿಯಲ್ಲಿ ಸಾಗುವುದರಿಂದ ಎರಡೂ ಬದಿಗೆ ಕಾಡು, ಬೆಟ್ಟ, ಮೀನುಗಾರರ ಹಳ್ಳಿಗಳು ಕಾಣುತ್ತವೆ. ನೀರು ಬಹುಪಾಲು ಶಾಂತವಾಗಿರುತ್ತದೆ. ಹಡಗಿನ ಓಲಾಟಕ್ಕೆ ತಲೆಸುತ್ತು ಬರುವ ಮಕ್ಕಳಿದ್ದರೆ ಈ ವ್ಯತ್ಯಾಸವೊಂದೇ ಆಯ್ಕೆಯನ್ನು ನಿರ್ಧರಿಸಬಲ್ಲದು.

ಇಡೀ ಪಯಣದ ಸಾರವಿರುವುದು ಹಿಮನದಿಯ ದಿನದಲ್ಲಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡು ದೊಡ್ಡ ಕ್ರೂಸ್ ಹಡಗುಗಳಿಗಷ್ಟೇ ಪ್ರವೇಶ. ಆ ಪರವಾನಗಿಯ ಹೆಚ್ಚಿನ ಪಾಲು ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕ ಕಂಪನಿಗಳದ್ದು, ನಾರ್ವೇಜಿಯನ್ ಕಂಪನಿಯ ಕೆಲವು ಹಡಗುಗಳಿಗೂ ಸಿಗುತ್ತದೆ. ಉಳಿದವು ಎಂಡಿಕಾಟ್ ಆರ್ಮ್ ಎಂಬ ಕಡಲಕಣಿವೆಗೋ ಹಬ್ಬರ್ಡ್ ಹಿಮನದಿಗೋ ಹೋಗುತ್ತವೆ. ಹಬ್ಬರ್ಡ್ ಏನೂ ಕಡಿಮೆಯದಲ್ಲ: ಸುಮಾರು 122 ಕಿ.ಮೀ. ಉದ್ದದ ಅದು ಉತ್ತರ ಅಮೆರಿಕದಲ್ಲಿ ಸಮುದ್ರಕ್ಕೆ ಇಳಿಯುವ ಹಿಮನದಿಗಳಲ್ಲೇ ಅತಿ ದೊಡ್ಡದು. ಆದರೂ ನನ್ನ ಒಲವು ಗ್ಲೇಸಿಯರ್ ಬೇಯ ಕಡೆಗೆ, ಏಕೆಂದರೆ ಅಲ್ಲಿ ಹೇಳಿಕೊಡುವವರಿದ್ದಾರೆ. ಬೆಳಗ್ಗೆ ಸಣ್ಣ ದೋಣಿಯೊಂದರಲ್ಲಿ ಬರುವ ಉದ್ಯಾನದ ರೇಂಜರ್‌ಗಳು ಚಲಿಸುತ್ತಿರುವ ಹಡಗನ್ನು ಹತ್ತಿ, ಸಂಜೆಯವರೆಗೆ ಡೆಕ್ಕಿನಲ್ಲೇ ನಿಂತು ವಿವರಿಸುತ್ತಾರೆ. ಮಕ್ಕಳು ಎಷ್ಟು ಪ್ರಶ್ನೆ ಕೇಳಿದರೂ ಬೇಸರಿಸುವುದಿಲ್ಲ. 1794ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರನ ತಂಡ ಬಂದಾಗ ಈ ಕೊಲ್ಲಿಯೇ ಇರಲಿಲ್ಲ ಎನ್ನಬಹುದು, ಕೊಲ್ಲಿಯ ಬಾಯಿಯ ಹತ್ತಿರದವರೆಗೂ ಮಂಜುಗಡ್ಡೆಯೇ ತುಂಬಿತ್ತು. 1916ರ ಹೊತ್ತಿಗೆ ಅದು ನೂರು ಕಿ.ಮೀ.ಗೂ ಹೆಚ್ಚು ಒಳಗೆ ಸರಿದಿತ್ತು. ಪಠ್ಯಪುಸ್ತಕದಲ್ಲಿ ಹವಾಮಾನ ಬದಲಾವಣೆಯ ಪಾಠ ಓದಿದ ಮಗಳು, ಇಷ್ಟೆಲ್ಲ ಕಾರ್ಖಾನೆಗಳು ಬರುವ ಮೊದಲೇ ಅದು ಕರಗಿದ್ದು ಹೇಗೆಂದು ಕೇಳಿದಳು. ಅದಕ್ಕೂ ಹಿಂದಿನ ಶತಮಾನಗಳ ‘ಕಿರು ಹಿಮಯುಗ’ದಲ್ಲಿ ಮುಂದೊತ್ತಿ ಬಂದಿದ್ದ ಹಿಮ ಮೊದಲು ಸಹಜವಾಗಿಯೇ ಹಿಂದೆ ಸರಿಯಿತು, ಇಂದು ಅಲಾಸ್ಕದ ಹಿಮನದಿಗಳು ಕರಗುವ ವೇಗಕ್ಕೆ ಮನುಷ್ಯ ಕಾರಣ ಎಂದು ರೇಂಜರ್ ಎರಡನ್ನೂ ಬಿಡಿಸಿ ಹೇಳಿದ ರೀತಿ ನನಗೆ ಬಹಳ ಹಿಡಿಸಿತು.

ಮಾರ್ಜೆರಿ ಹಿಮನದಿಯ ಮುಂದೆ ಹಡಗು ಬಹಳ ಹೊತ್ತು ನಿಂತು, ನಿಂತಲ್ಲೇ ನಿಧಾನವಾಗಿ ತಿರುಗುತ್ತದೆ. ಎಡಬಲ ಎರಡೂ ಬದಿಯ ಬಾಲ್ಕನಿಯವರಿಗೂ ನೋಟ ಸಿಗುತ್ತದೆ. ನೀರಿನ ಮೇಲೆ ಸುಮಾರು 250 ಅಡಿ ಎತ್ತರಕ್ಕೆ ಎದ್ದ ಆ ಗೋಡೆಯ ನೀಲಿಯನ್ನು ಮೊಬೈಲಿನ ಫೋಟೊ ಹಿಡಿಯುವುದಿಲ್ಲ. ಒತ್ತಿ ಗಟ್ಟಿಯಾದ ಹಿಮ ಕೆಂಪು ಬೆಳಕನ್ನು ಹೀರಿಕೊಂಡು ನೀಲಿಯನ್ನು ಬಿಡುವುದರಿಂದ ಆ ಬಣ್ಣ ಬರುತ್ತದೆ. ಮಂಜಿನ ತುಂಡು ಕಳಚಿ ಬೀಳುವುದು ಮೊದಲು ಕಣ್ಣಿಗೆ ಕಂಡು, ಸದ್ದು ಸ್ವಲ್ಪ ತಡವಾಗಿ ಕೇಳುತ್ತದೆ; ಆ ಅಂತರದಿಂದ ದೂರವನ್ನು ಲೆಕ್ಕಹಾಕುವ ಕೆಲಸ ನನ್ನ ಮಗನನ್ನು ಗಂಟೆಗಟ್ಟಲೆ ರೇಲಿಂಗಿನ ಬಳಿಯೇ ನಿಲ್ಲಿಸಿತು.

ಸಮಯದ ವಿಚಾರದಲ್ಲಿ ನಮ್ಮ ಜಿಲ್ಲೆಯ ಶಾಲಾ ರಜೆ ಈ ಪಯಣಕ್ಕೆ ಚೆನ್ನಾಗಿ ಹೊಂದುತ್ತದೆ. ಅಲಾಸ್ಕದ ಕ್ರೂಸ್ ಋತು ಸುಮಾರಾಗಿ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ವರೆಗೆ. ಅದರಲ್ಲಿ ಮೇ ತಿಂಗಳು ಆಗ್ನೇಯ ಅಲಾಸ್ಕದಲ್ಲಿ ಮಳೆ ಕಡಿಮೆಯಿರುವ ತಿಂಗಳುಗಳಲ್ಲೊಂದು. ಬೆಟ್ಟಗಳ ಮೇಲೆ ಹಿಮ ಇನ್ನೂ ಉಳಿದಿರುತ್ತದೆ, ಟಿಕೆಟ್ ದರ ಜೂನ್, ಜುಲೈಗಿಂತ ಸಾಮಾನ್ಯವಾಗಿ ಕಡಿಮೆ. ಚಳಿಗಾಲವನ್ನು ಹವಾಯಿಯ ಬಳಿ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಆ ಹೊತ್ತಿಗೆ ಮೇಯಲು ಬಂದಿರುತ್ತವೆ. ಸಾಲ್ಮನ್ ಮೀನುಗಳು ಹೊಳೆ ಏರುವುದನ್ನೂ ಅವನ್ನು ಹಿಡಿಯಲು ಬರುವ ಕರಡಿಗಳನ್ನೂ ನೋಡಲೇಬೇಕೆಂಬವರಿಗೆ ಮಾತ್ರ ಜುಲೈ, ಆಗಸ್ಟ್ ಬೇಕು, ಅದು ನಮ್ಮ ಮಕ್ಕಳಿಗೆ ಶಾಲೆಯ ಸಮಯ. ಅಂಟಾರ್ಕ್ಟಿಕದ ಋತು ನವೆಂಬರಿನಿಂದ ಮಾರ್ಚ್ ವರೆಗೆ ಇರುವುದರಿಂದ ಹತ್ತನೆಯ ತರಗತಿ ಅಥವಾ ಪಿಯುಸಿಯ ಮಕ್ಕಳಿರುವವರು ಆ ಯೋಚನೆಯನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು.

ಬಂದರುಗಳಲ್ಲಿ ನಮಗೆ ಅತಿ ಹೆಚ್ಚು ಹಿಡಿಸಿದ್ದು ಸ್ಕ್ಯಾಗ್‌ವೇ. ಕ್ಲಾಂಡೈಕಿನ ಚಿನ್ನದ ಹುಚ್ಚು ಹಬ್ಬಿದ್ದ 1898ರಲ್ಲಿ ಆರಂಭಿಸಿ 1900ರಲ್ಲಿ ಮುಗಿಸಿದ ವೈಟ್ ಪಾಸ್ ರೈಲುಮಾರ್ಗ ಅಲ್ಲಿಂದ ಸುಮಾರು 32 ಕಿ.ಮೀ.ಯೊಳಗೆ ಕಡಲ ಮಟ್ಟದಿಂದ 870 ಮೀಟರ್ ಎತ್ತರಕ್ಕೆ ಏರುತ್ತದೆ. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಹತ್ತುವ ನಮ್ಮ ಘಾಟಿಯ ರೈಲು ದಾರಿಯ ಏರು ಐವತ್ತಕ್ಕೆ ಒಂದು. ವೈಟ್ ಪಾಸ್‌ನಲ್ಲಿ ಅದು ಕೆಲವೆಡೆ ಇದರ ಸುಮಾರು ಇಮ್ಮಡಿ ಎಂಬುದನ್ನು ತಿಳಿದಾಗ ಎಡಕುಮೇರಿಯ ಸುರಂಗಗಳನ್ನು ಕಂಡಿದ್ದ ಮಕ್ಕಳಿಗೆ ಆ ಕೆಲಸದ ಕಷ್ಟ ಅರ್ಥವಾಯಿತು. ಇದರ ಟಿಕೆಟ್ ದುಬಾರಿ, ಆದರೂ ಬಿಡಬೇಡಿ.

ರಸ್ತೆಯ ಮೂಲಕ ತಲುಪಲಾಗದ ರಾಜಧಾನಿ ಜೂನೊದಲ್ಲಿ ತಿಮಿಂಗಿಲ ನೋಡಲು ಸಣ್ಣ ದೋಣಿಗಳು ಹೊರಡುತ್ತವೆ. ಹಂಪ್‌ಬ್ಯಾಕ್‌ಗಳಿಂದ ಕನಿಷ್ಠ 100 ಗಜ ದೂರ ಇರಬೇಕೆಂಬ ನಿಯಮವಿದ್ದರೂ ಅಷ್ಟು ದೂರದಿಂದಲೇ ಅವುಗಳ ಉಸಿರಿನ ಸದ್ದು ಕೇಳುತ್ತದೆ. ಮೆಂಡನ್‌ಹಾಲ್ ಹಿಮನದಿಯ ಎದುರಿಗಿರುವ ನಗೆಟ್ ಜಲಪಾತದವರೆಗಿನ ಸುಲಭ ಕಾಲುದಾರಿಯನ್ನು ಮಕ್ಕಳು ತಮ್ಮಷ್ಟಕ್ಕೇ ನಡೆದು ಬರಬಹುದು. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ. ಪ್ರಮಾಣ ಮಂಗಳೂರಿನದ್ದೇ, ಆದರೆ ಅಲ್ಲಿ ಅದು ವರ್ಷವಿಡೀ ಹಂಚಿಕೊಂಡು ತಣ್ಣಗೆ ಸುರಿಯುತ್ತದೆ. ಕೊಡೆ ಗಾಳಿಗೆ ನಿಲ್ಲುವುದಿಲ್ಲ. ನೀರು ಒಳಬಿಡದ ಜಾಕೆಟ್, ಅದರೊಳಗೆ ಫ್ಲೀಸ್, ಅದರೊಳಗೆ ಥರ್ಮಲ್ ಎಂಬ ಪದರಗಳು ಮೇ ತಿಂಗಳ ಹಗಲಿಗೂ ಬೇಕು.

ಹಡಗಿನೊಳಗೆ ಹದಿಹರೆಯದವರಿಗೆ ಬೇಕಾಗಿರುವುದು ತಮ್ಮದೇ ಜಾಗ ಮತ್ತು ಒಂದಿಷ್ಟು ಸ್ವಾತಂತ್ರ್ಯ. ಹೆಚ್ಚಿನ ಕಂಪನಿಗಳ ಟೀನ್ ಕ್ಲಬ್ 13ರಿಂದ 17 ವರ್ಷದವರಿಗೆ. ಡಿಸ್ನಿಯಲ್ಲಿ 11ರಿಂದ 14 ಮತ್ತು 14ರಿಂದ 17 ಎಂದು ಎರಡು ಗುಂಪುಗಳಿವೆ. ಹನ್ನೆರಡರ ಮಗುವನ್ನು ಹಲವೆಡೆ ಎಂಟು ವರ್ಷದವರ ಜತೆ ಕೂರಿಸುತ್ತಾರಾದ್ದರಿಂದ ಒಂದು ವರ್ಷ ಕಾಯುವುದರಲ್ಲಿ ಅರ್ಥವಿದೆ. ನಾಲ್ವರಿಗೆ ಒಂದೇ ಕೋಣೆ ಎಂಬ ಅಗ್ಗದ ಆಯ್ಕೆಯಲ್ಲಿ ಇಬ್ಬರು ಗೋಡೆಯಿಂದ ಇಳಿಯುವ ಬಂಕ್‌ಗಳಲ್ಲಿ ಮಲಗಬೇಕು, ಬಚ್ಚಲಿಗೆ ಸರದಿ ಕಾಯಬೇಕು. ನಾವು ಬಾಲ್ಕನಿಯ ಕೋಣೆಯೊಂದನ್ನೂ ಅದರ ಎದುರಿಗೇ ಕಿಟಕಿಯಿಲ್ಲದ ಒಳಕೋಣೆಯೊಂದನ್ನೂ ತೆಗೆದುಕೊಂಡೆವು. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ. ಪ್ರತಿ ಕೋಣೆಯಲ್ಲೂ 21 ವರ್ಷ ದಾಟಿದವರೊಬ್ಬರು ಇರಬೇಕೆಂಬ ನಿಯಮ ಹಲವು ಕಂಪನಿಗಳಲ್ಲಿದ್ದು, ಹೆತ್ತವರ ಪಕ್ಕದ ಅಥವಾ ಎದುರಿನ ಕೋಣೆಗೆ ವಿನಾಯಿತಿ ಕೊಡುತ್ತಾರೆ. ಅದನ್ನು ಬುಕಿಂಗ್ ಸಮಯದಲ್ಲೇ ಲಿಖಿತವಾಗಿ ಕೇಳಿಕೊಳ್ಳಿ.

ಊಟದ ಬಗ್ಗೆ ಚಿಂತೆ ಬೇಡ. ಬಫೆಯಲ್ಲಿ ದಿನವೂ ಒಂದೆರಡು ಬಗೆಯ ಭಾರತೀಯ ಪದಾರ್ಥಗಳಿದ್ದವು, ಸಸ್ಯಾಹಾರವನ್ನು ಹಿಂದಿನ ದಿನವೇ ಹೇಳಿಟ್ಟರೆ ಬೇರೆಯಾಗಿ ಮಾಡಿಕೊಡುತ್ತಿದ್ದರು. ಈ ಹಡಗುಗಳ ಅಡುಗೆಮನೆ ಮತ್ತು ಹೌಸ್‌ಕೀಪಿಂಗ್‌ನಲ್ಲಿ ಗೋವಾ, ಮಂಗಳೂರು ಕಡೆಯವರು ಸಾಕಷ್ಟಿದ್ದಾರೆ. ಬಂಟ್ವಾಳದ ಹುಡುಗನೊಬ್ಬ ನಮ್ಮ ಮಾತು ಕೇಳಿಸಿಕೊಂಡು “ಊರು ಓಲು?” (ಊರು ಎಲ್ಲಿ?) ಎಂದು ತುಳುವಿನಲ್ಲಿ ಕೇಳಿದ ಮೇಲೆ ನಮ್ಮ ಮೇಜಿಗೆ ಅನ್ನ, ಸಾರು ತಪ್ಪಲಿಲ್ಲ. ತಿಂಗಳುಗಟ್ಟಲೆ ಮನೆಯಿಂದ ದೂರವಿದ್ದು ದುಡಿಯುವ ಇವರ ಬದುಕನ್ನು ಹತ್ತಿರದಿಂದ ಕಂಡದ್ದು ಮಕ್ಕಳಿಗೆ ಒಳ್ಳೆಯದೇ ಆಯಿತು.

ವೀಸಾದ ವಿಚಾರದಲ್ಲಿ ಬಹಳ ಎಚ್ಚರ ಬೇಕು. ಸಿಯಾಟಲ್‌ನಿಂದ ಹೊರಟರೆ ಅಮೆರಿಕದ ವೀಸಾ ಒಂದೇ ಸಾಕು ಎಂದು ನಾವು ವಿಚಾರಿಸಿದ ಏಜೆನ್ಸಿಯೊಂದು ಹೇಳಿತ್ತು, ಅದು ಸರಿಯಲ್ಲ. ವಿದೇಶಿ ಧ್ವಜದ ಹಡಗು ನಡುವೆ ಬೇರೆ ದೇಶದ ಬಂದರನ್ನು ಮುಟ್ಟದೆ ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಒಯ್ಯುವಂತಿಲ್ಲ ಎಂಬ 1886ರ ಕಾನೂನಿನಿಂದಾಗಿ ಆ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ನಿಲ್ಲುತ್ತವೆ. ಹೀಗಾಗಿ ಎಲ್ಲಿಂದ ಹೊರಟರೂ ಭಾರತೀಯ ಪಾಸ್‌ಪೋರ್ಟಿನವರಿಗೆ ಎರಡೂ ದೇಶಗಳ ವೀಸಾ ಬೇಕು. ಕೆನಡಾಕ್ಕೆ 14 ತುಂಬಿದ ಮಕ್ಕಳೂ ಬೆರಳಚ್ಚು ಕೊಡಬೇಕು. ಅಮೆರಿಕದ ಸಂದರ್ಶನಕ್ಕಾಗಿ ಚೆನ್ನೈ, ಹೈದರಾಬಾದ್ ಅಥವಾ ಮುಂಬೈಗೆ ಹೋಗಬೇಕಾಗಬಹುದು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದೇ ವರ್ಷ, ಅದನ್ನು ಎಲ್ಲಕ್ಕಿಂತ ಮೊದಲು ತೆಗೆದು ನೋಡಿ.

ಟಿಕೆಟ್ಟಿನ ಬೆಲೆ ಪೂರ್ತಿ ಖರ್ಚಲ್ಲ. ಸಿಬ್ಬಂದಿಯ ಟಿಪ್ಸ್ ಎಂದು ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ಮಕ್ಕಳಿಗೂ ಸೇರಿ ಬಿಲ್ಲಿಗೆ ಬೀಳುತ್ತದೆ. ಇಂಟರ್‌ನೆಟ್ ಬೇರೆ, ಬಂದರಿನ ಸುತ್ತಾಟ ಬೇರೆ. ಕಡಲಿನ ನಡುವೆ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲೇ ಇಡುವಂತೆ ಮಕ್ಕಳಿಗೆ ಹೇಳಿ, ಹಡಗಿನ ಮೊಬೈಲ್ ರೋಮಿಂಗ್ ಬಹಳ ದುಬಾರಿ. ಹೊರಗಿನವರ ದೋಣಿ, ಬಸ್ಸುಗಳು ಹಡಗಿನವರದ್ದಕ್ಕಿಂತ ಅಗ್ಗ. ಆದರೆ ಮರಳುವುದು ತಡವಾದರೆ ಹಡಗು ಅವರಿಗಾಗಿ ಕಾಯುವುದಿಲ್ಲ. ಭಾರತದ ಏಜೆನ್ಸಿಯ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವವರೇ ಸಂಗ್ರಹಿಸಿ ಸರಕಾರಕ್ಕೆ ಕಟ್ಟುವ ಮುಂಗಡ ತೆರಿಗೆ) ಕೂಡ ಸೇರುತ್ತದೆ. ಅದು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಕೆಯಾಗುವುದರಿಂದ ರಸೀದಿಯನ್ನು ಇಟ್ಟುಕೊಳ್ಳಿ.

ಎರಡೆರಡು ವೀಸಾಗಳ ಓಡಾಟ ಆಗದವರಿಗೆ ನಾರ್ವೆ ಯೋಗ್ಯ ಪರ್ಯಾಯ, ಅಲ್ಲಿಗೆ ಒಂದೇ ಷೆಂಗೆನ್ ವೀಸಾ ಸಾಕು. ಯುನೆಸ್ಕೊ ಪಟ್ಟಿಯಲ್ಲಿರುವ ಗೈರಾಂಗರ್ ಫ್ಯೋರ್ಡ್ ಎಂಬ ಕಡಲಕಣಿವೆಯ ಜಲಪಾತಗಳು ಹಿಮ ಕರಗುವ ಮೇ ತಿಂಗಳಲ್ಲಿ ತುಂಬಿ ಧುಮುಕುತ್ತವೆ. ಫ್ಲಾಮ್ ಎಂಬ ಹಳ್ಳಿಯಿಂದ ಬೆಟ್ಟ ಹತ್ತುವ 20 ಕಿ.ಮೀ. ರೈಲು ವೈಟ್ ಪಾಸ್‌ಗಿಂತಲೂ ಕಡಿದಾದುದು. ದೊಡ್ಡ ಕ್ರೂಸ್ ಹಡಗುಗಳಲ್ಲದೆ 1893ರಿಂದ ಓಡುತ್ತಿರುವ ಹರ್ಟಿಗ್ರೂಟನ್ ಕರಾವಳಿ ಸೇವೆಯೂ ಇದೆ. ಸರಕು, ಅಂಚೆ, ಊರಿನ ಜನರನ್ನು ಒಯ್ಯಲೆಂದೇ ಆರಂಭವಾಗಿ, ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುವ ಈ ಹಡಗುಗಳಲ್ಲಿ ಟೀನ್ ಕ್ಲಬ್, ಜಾರುಬಂಡಿಗಳಿಲ್ಲ. ಭೂಗೋಳದಲ್ಲಿ, ಹಡಗಿನ ಕೆಲಸದಲ್ಲಿ ಆಸಕ್ತಿಯಿರುವ ಮಗುವಿಗೆ ಇದನ್ನೇ ಮೊದಲು ಹೇಳುತ್ತೇನೆ. ಒಡಹುಟ್ಟಿದವರಿಲ್ಲದ, ಓರಗೆಯವರ ಜತೆ ಬೇಕೆನ್ನುವ ಮಗುವಿಗೆ ಹೇಳುವುದಿಲ್ಲ. ಮೇ ತಿಂಗಳಲ್ಲಿ ರಜೆ ಹೊಂದದವರು ದಸರಾ ರಜೆಯಲ್ಲೂ ಹೋಗಬಹುದು: ಆ ಹೊತ್ತಿಗೆ ಉತ್ತರದ ರಾತ್ರಿಗಳು ಕತ್ತಲಾಗಿ, ಮೋಡವಿಲ್ಲದ ದಿನ ಧ್ರುವಪ್ರಭೆ ಕಾಣಸಿಗುವ ಸಾಧ್ಯತೆ ಇರುತ್ತದೆ. ಆಗ ಹನ್ನೆರಡು ದಿನಗಳ ಪೂರ್ತಿ ಸುತ್ತಿನ ಬದಲು ಬರ್ಗೆನ್‌ನಿಂದ ಉತ್ತರಕ್ಕೆ ಹೋಗುವ ಒಂದು ದಿಕ್ಕಿನ ಟಿಕೆಟ್ ತೆಗೆದುಕೊಂಡು, ಕಿರ್ಕೆನೆಸ್‌ನಿಂದ ಓಸ್ಲೋಗೆ ವಿಮಾನದಲ್ಲಿ ಮರಳಿದರೆ ಶಾಲೆ ಆರಂಭವಾಗುವ ಮೊದಲೇ ಊರು ತಲುಪಬಹುದು.