ಮ್ಯಾಕ್‌ನಲ್ಲಿ ವಿಂಡೋಸ್‌ನ ಜಿಪಿಎಸ್ ತಂತ್ರಾಂಶ: ಬೂಟ್ ಕ್ಯಾಂಪ್, ಪ್ಯಾರಲಲ್ಸ್, ವೈನ್

ಮಾರ್ಗ ರೂಪಿಸುವ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಲಭ್ಯವಿದ್ದು, ಕೈಯಲ್ಲಿರುವುದು ಮ್ಯಾಕ್ ಆಗಿದ್ದರೆ, ಮೊದಲು ನೋಡಬೇಕಾದದ್ದು ಅದರ ಪ್ರೊಸೆಸರನ್ನು. ಇಂಟೆಲ್ ಮ್ಯಾಕ್‌ನಲ್ಲಿ ಆಪಲ್‌ನದೇ ಸೌಲಭ್ಯವಾದ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ 10 ಅನ್ನು ನೇರವಾಗಿ ಸ್ಥಾಪಿಸಬಹುದು; ಯುಎಸ್‌ಬಿ ಡ್ರೈವರ್‌ಗಳು (ಸಾಧನದೊಂದಿಗೆ ಕಂಪ್ಯೂಟರ್ ಮಾತಾಡಲು ಬೇಕಾದ ಕಿರುತಂತ್ರಾಂಶಗಳು) ಸಾಮಾನ್ಯ ಪಿಸಿಯಲ್ಲಿ ನಡೆಯುವಂತೆಯೇ ಇಲ್ಲಿಯೂ ನಡೆಯುವುದರಿಂದ, ಹಳೆಯ ಜಿಪಿಎಸ್ ಸಾಧನ ಉಳ್ಳವರಿಗೆ ಇದಕ್ಕಿಂತ ಭರವಸೆಯ ದಾರಿಯಿಲ್ಲ. ಪ್ರತಿ ಬಾರಿ ಮ್ಯಾಕ್ ಅನ್ನು ರೀಸ್ಟಾರ್ಟ್ ಮಾಡಬೇಕೆಂಬುದು ಅದರ ತೊಡಕು.

2020ರ ನವೆಂಬರ್‌ನಲ್ಲಿ ಬಂದ ಎಂ1 ಮತ್ತು ಅನಂತರದ ಆಪಲ್ ಚಿಪ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಅಲ್ಲಿ ಮ್ಯಾಕ್‌ನೊಳಗೇ ವಿಂಡೋಸ್ ನಡೆಸುವ ತಂತ್ರಾಂಶವಾದ ಪ್ಯಾರಲಲ್ಸ್ ಒಳಗೆ ವಿಂಡೋಸ್ 11ರ ಆರ್ಮ್ ಆವೃತ್ತಿ (ಈ ಬಗೆಯ ಚಿಪ್‌ಗಳಿಗಾಗಿ ಮಾಡಿದ್ದು) ಓಡುತ್ತದೆ. ಇಂಟೆಲ್‌ಗಾಗಿ ಬರೆದ ಹೆಚ್ಚಿನ ತಂತ್ರಾಂಶಗಳೂ ಅದರಲ್ಲಿ ನಡೆಯುತ್ತವೆ, ಆದರೆ ಇಂಟೆಲ್‌ಗಾಗಿ ಬರೆದ ಡ್ರೈವರ್‌ಗಳು ನಡೆಯುವುದಿಲ್ಲ. ನಕ್ಷೆ ಸರಾಗವಾಗಿ ತೆರೆದುಕೊಂಡು, ಮಾರ್ಗವೂ ಸಿದ್ಧವಾಗಿ, ಕೊನೆಗೆ ಸಾಧನಕ್ಕೆ ಕಳುಹಿಸುವ ಗುಂಡಿ ಒತ್ತಿದಾಗ ಸಾಧನವೇ ಕಾಣಿಸದಿರುವುದಕ್ಕೆ ಇದೂ ಒಂದು ಕಾರಣ.

ವಿಂಡೋಸ್ ಸ್ಥಾಪಿಸದೆಯೇ ಅದರ ತಂತ್ರಾಂಶಗಳನ್ನು ಮ್ಯಾಕ್‌ನಲ್ಲಿ ನಡೆಸುವ ವೈನ್‌ಗೆ ವಿಂಡೋಸ್ ಪರವಾನಗಿಯೇ ಬೇಡ, ಆದರೆ ಅದು ವಿಂಡೋಸ್‌ನ ಯುಎಸ್‌ಬಿ ಡ್ರೈವರ್‌ಗಳನ್ನು ನಡೆಸುವುದಿಲ್ಲವಾದ್ದರಿಂದ ಮಾರ್ಗ ರೂಪಿಸುವುದಕ್ಕಷ್ಟೇ ಅದನ್ನು ನೆಚ್ಚಬಹುದು.

ನಿಮ್ಮ ಸಾಧನ ಪೆನ್‌ಡ್ರೈವ್‌ನಂತೆ ಫೈಂಡರ್‌ನಲ್ಲಿ ತೆರೆದುಕೊಳ್ಳುವುದಾದರೆ ಈ ಚಿಂತೆ ಬಹುಪಾಲು ಕರಗುತ್ತದೆ: ಮಾರ್ಗವನ್ನು ಜಿಪಿಎಕ್ಸ್ (ಜಿಪಿಎಸ್ ಮಾಹಿತಿ ವಿನಿಮಯದ ಸಾಮಾನ್ಯ ನಮೂನೆ) ಕಡತವಾಗಿ ಉಳಿಸಿ, ಸಾಧನದ ಜಿಪಿಎಕ್ಸ್ ಫೋಲ್ಡರಿಗೆ ಮ್ಯಾಕ್‌ನಿಂದಲೇ ನಕಲಿಸಿದರಾಯಿತು. ಪೆನ್‌ಡ್ರೈವ್‌ನಂತಲ್ಲದೆ ಎಂಟಿಪಿ ಎಂಬ ಬೇರೆ ಕಡತ ವರ್ಗಾವಣೆ ವಿಧಾನ ಬಳಸುವ ಹೊಸ ಸಾಧನಗಳನ್ನು ಮ್ಯಾಕ್ ತಾನಾಗಿ ಓದುವುದಿಲ್ಲ; ಅವುಗಳಿಗೆ ಪ್ಯಾರಲಲ್ಸ್ ಅನ್ನೇ ಆರಿಸಿ, ಯುಎಸ್‌ಬಿಯನ್ನು ವಿಂಡೋಸ್‌ಗೆ ಜೋಡಿಸುವುದು ನನ್ನ ಮಟ್ಟಿಗೆ ಸರಿಯಾದ ಆಯ್ಕೆ.